ನಾಲ್ಕು ಕಾಯಿಲ್ ಬದಲಿಸಿದರೂ ನಿಲ್ಲದ ಮಿಸ್ಸಿಂಗ್: ಆಕ್ಟೇವಿಯಾ ಆರ್‌ಎಸ್ ಅನುಭವ

ಹಳೇ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ (1.8 ಟರ್ಬೊ, 20 ವಾಲ್ವ್) ಇಟ್ಟುಕೊಂಡವರಿಗೆ ಕಾಯಿಲ್ (ಸ್ಪಾರ್ಕ್ ಪ್ಲಗ್ಗಿಗೆ ಕಿಡಿಯ ಕರೆಂಟು ಕೊಡುವ ಭಾಗ, ಸಿಲಿಂಡರಿಗೊಂದು) ಕಾಟ ಹೊಸದಲ್ಲ. ಆದರೆ ಈ ಗಾಡಿಗೆ ನಾಲ್ಕೂ ಕಾಯಿಲ್ ಹೊಸದಾಗಿ ಬಿದ್ದಿದ್ದವು, ಆದರೂ ಏರಿನಲ್ಲಿ ಮಿಸ್ಸಿಂಗ್, ಅಂದರೆ ಒಂದು ಸಿಲಿಂಡರ್ ಆಗಾಗ ಉರಿಯದೆ ಎಂಜಿನ್ ಜರ್ಕ್ ಹೊಡೆಯುವುದು. ಇಂಜೆಕ್ಟರ್ ಕ್ಲೀನಿಂಗ್, ಫ್ಯೂಯೆಲ್ ಪಂಪ್ ಅಂತ ಮೂವತ್ತು ಸಾವಿರದ ಹತ್ತಿರ ಕರಗಿ, ಎಂಜಿನ್ನಿನ ಹೆಡ್ ಇಳಿಸುವ ಮಾತು ಬಂದಿತ್ತು. ತೊಂದರೆ ಇನ್ನೂ ಕಾಯಿಲ್ ಕಡೆಯೇ ಇದೆ ಅಂತ ನಾನು ಅಂದಾಗ ತುಮಕೂರಿನಲ್ಲಿ ಕೈ ಪಳಗಿದವರೂ ಒಪ್ಪಲಿಲ್ಲ. ಆ ಕಡೆಯೇ ಸರಿಮಾಡಿ ಈಗ ಮಳೆಗಾಲ ಕಳೆದಿದೆ, ಗಾಡಿಯ ಕಂಪ್ಯೂಟರಿನಲ್ಲಿ ಒಂದು ದೋಷದ ಕೋಡೂ ಬಂದಿಲ್ಲ.

ನಿಲ್ಲಿಸಿ ರೇಸ್ ಕೊಟ್ಟರೆ ಈ ಮಿಸ್ಸಿಂಗ್ ಸಿಗುವುದಿಲ್ಲ. ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ತುಂಬಿರಬೇಕು, ಕಾಯಿಲ್ ಕಾದಿರಬೇಕು. ಗಾಡಿಯ ಕಂಪ್ಯೂಟರ್ ಓದುವ ಸಾಫ್ಟ್‌ವೇರ್ ವಿಸಿಡಿಎಸ್‌ನಲ್ಲಿ 014, 015, 016 ಬ್ಲಾಕ್ (ಯಾವ ಸಿಲಿಂಡರ್ ಎಷ್ಟು ಸಲ ಮಿಸ್ ಆಯಿತೆಂದು ಎಣಿಸುವ ಪುಟಗಳು) ತೆರೆದು, ಲ್ಯಾಪ್‌ಟಾಪ್ ನೋಡಲು ಪಕ್ಕದಲ್ಲಿ ಒಬ್ಬರನ್ನು ಕೂರಿಸಿ, ಬೆಳಗಿನ ಖಾಲಿ ರಸ್ತೆಯಲ್ಲಿ ದೇವರಾಯನದುರ್ಗದ ಏರು ಹತ್ತಿಸಿದೆ: ಮೂರನೇ ಗೇರ್, 2500 ಆರ್‌ಪಿಎಂನಿಂದ ಪೂರ್ತಿ ಪೆಡಲ್. ಮೂರನೇ ಸಿಲಿಂಡರಿನ ಎಣಿಕೆ ಏರಿತು, 16687 (ಮೂರನೇ ಸಿಲಿಂಡರಿನಲ್ಲಿ ಮಿಸ್ಸಿಂಗ್) ಕೋಡ್ ಬಿತ್ತು.

ಎರಡು ಮತ್ತು ಮೂರರ ಕಾಯಿಲ್ ಅದಲುಬದಲು ಮಾಡಿ, ಕೋಡ್ ಅಳಿಸಿ, ಅದೇ ಏರು. ಮಿಸ್ಸಿಂಗ್ ಮೂರರಲ್ಲೇ ಉಳಿಯಿತು. ಇದನ್ನು ನೋಡಿಯೇ ಎಲ್ಲರೂ ಇಂಜೆಕ್ಟರಿನ ಹಿಂದೆ ಬೀಳುವುದು. ಆದರೆ ಎರಡನೇ ಸಿಲಿಂಡರಿನಲ್ಲೂ ಈಗ ಅಲ್ಲೊಂದು ಇಲ್ಲೊಂದು ಎಣಿಕೆ ಶುರುವಾಗಿತ್ತು. ಅಂದರೆ ತೊಂದರೆ ಎರಡು: ಮೂರರ ಜಾಗದಲ್ಲಿ ಒಂದು, ಅಲ್ಲಿಂದ ತೆಗೆದ ಕಾಯಿಲ್‌ನಲ್ಲಿ ಇನ್ನೊಂದು.

ಜಾಗದ ತೊಂದರೆ ಕಾಯಿಲ್ಲಿಗೆ ವೈರ್ ಸಿಕ್ಕಿಸುವ ಕಪ್ಲರಿನಲ್ಲಿತ್ತು. ಎಂಜಿನ್ ಬಿಸಿಯಾಗಿ ಓಡುವಾಗ ಕರೆಂಟು ಬರುವ ಒಂದನೇ ಪಿನ್ನಿಗೆ ಹಿಂದಿನಿಂದ ಸೂಜಿ ಕೊಟ್ಟು ಅಳೆದರೆ 12.6 ವೋಲ್ಟ್ ಆಸುಪಾಸು, ಬ್ಯಾಟರಿಯಲ್ಲಿ 13.9. ಉಳಿದ ಮೂರು ಕಪ್ಲರುಗಳಲ್ಲಿ ಅರ್ಧ ವೋಲ್ಟೂ ಇಳಿದಿರಲಿಲ್ಲ. ಸ್ಲೀವ್ ಬಿಚ್ಚಿದರೆ ವೈರಿನ ಮೇಲ್ಪದರ ಹಪ್ಪಳದಂತೆ ಮುರಿಯುತ್ತಿತ್ತು, ಒಳಗೆ ನಾಲ್ಕಾರು ಎಳೆ ತಾಮ್ರ ಮಾತ್ರ. ಅಷ್ಟು ವೋಲ್ಟಿನಲ್ಲಿ ಕಾಯಿಲ್ ಪೂರ್ತಿ ಚಾರ್ಜ್ ಆಗುವುದಿಲ್ಲ. ಅರ್ತ್ ಪಿನ್‌ಗಳನ್ನೂ ಅಳೆಯಿರಿ, 0.1 ವೋಲ್ಟ್ ದಾಟಬಾರದು.

ಕಾಯಿಲ್‌ನ ತೊಂದರೆಗೆ ಕತ್ತಲಲ್ಲಿ ಸ್ಪ್ರೇ ಟೆಸ್ಟ್. ತೆಳುವಾಗಿ ನೀರು ಚಿಮುಕಿಸಿದಾಗ ರಬ್ಬರ್ ಬೂಟಿನ ಪಕ್ಕದಿಂದ ನೀಲಿ ಕಿಡಿ ಹೆಡ್ಡಿಗೆ ಹಾರಿತು. ಬರೀ ನೀರಲ್ಲಿ ಇದು ಅಷ್ಟು ಬೇಗ ಕಾಣುವುದಿಲ್ಲ. ನಾನು ಬೆರೆಸುವುದೇನು ಅನ್ನುವುದು ನನ್ನಲ್ಲೇ ಇರಲಿ. ಓಡುವ ಎಂಜಿನ್ನಿನ ಕಾಯಿಲ್ ಮುಟ್ಟಬೇಡಿ.

ಹಿಂದೆ ಹಾಕಿದ್ದು ಡೂಪ್ಲಿಕೇಟ್ ಮಾಲು, ಒಂದಕ್ಕೆ ಸಾವಿರದೊಳಗೆ. ಒಳ್ಳೆಯದು ಮೂರು ಸಾವಿರದ ಮೇಲೆ, ನಾಲ್ಕನ್ನೂ ಹಾಕಿದೆ. ಹರಿದ ವೈರಿಗೆ ಟೇಪ್ ಸುತ್ತುವುದು ಕೆಲಸವಲ್ಲ. ನಾಲ್ಕು ಹೊಸ ಕಪ್ಲರ್, ಶಾಖ ತಡೆಯುವ ವೈರ್, ಕ್ರಿಂಪ್ ಮಾಡಿ ಹೀಟ್ ಶ್ರಿಂಕ್: ಎರಡೂವರೆ ಸಾವಿರ. ಎಲ್ಲಾ ಸೇರಿ ಹದಿನೆಂಟು ಸಾವಿರ ಆಗಿರಬಹುದು.

ಕಾಯಿಲ್ ಎಳೆಯುವುದು ಎಂಜಿನ್ ತಣ್ಣಗಾದ ಮೇಲೆ, ಮೊದಲು ಸ್ವಲ್ಪ ತಿರುಗಿಸಿ ನೇರ ಮೇಲಕ್ಕೆ. ಓರೆ ಎಳೆದರೆ ಬೂಟು ಪ್ಲಗ್ ಕೂರುವ ಬಾವಿಯಲ್ಲೇ ಉಳಿಯುತ್ತದೆ. ಬಾವಿಯಲ್ಲಿ ಆಯಿಲ್ ಇದ್ದರೆ ಟ್ಯಾಪೆಟ್ ಕವರ್ ಪ್ಯಾಕಿಂಗ್, ನಡುವಿನದೂ ಸೇರಿ, ಅವತ್ತೇ ಬದಲಿಸಿ. ಆಯಿಲ್ ಕುಡಿದ ರಬ್ಬರ್ ಉಬ್ಬಿ ಹೊಸ ಕಾಯಿಲ್ಲೂ ಹೋಗುತ್ತದೆ. ಪ್ಲಗ್ 16ರ ಸಾಕೆಟ್, 30 ನ್ಯೂಟನ್ ಮೀಟರ್. ಪ್ಲಗ್ ಗ್ಯಾಪ್ 0.7 ಮಿ.ಮೀ.ಗೆ ಇಳಿಸಿದೆ, 0.8ಕ್ಕಿಂತ ಏರಿನಲ್ಲಿ ನಿರಾಳ.

ಆಡಿ ಆರ್8ರ ಕೆಂಪು ತಲೆಯ ಕಾಯಿಲ್‌ಗಳನ್ನೂ ಸ್ಪೇಸರ್ ಕೊಟ್ಟು ಕೂರಿಸಿ ನೋಡಿದೆ. ಚೆಂದ ಕೂರುತ್ತವೆ, ಕಂಪನಿ ಬೂಸ್ಟಿನಲ್ಲಿ ಎಣಿಕೆಯಲ್ಲಾಗಲಿ ಪಿಕಪ್‌ನಲ್ಲಾಗಲಿ ವ್ಯತ್ಯಾಸವಿಲ್ಲ. ರೀಮ್ಯಾಪ್ (ಕಂಪ್ಯೂಟರ್ ಸೆಟ್ಟಿಂಗ್ ಬದಲಿಸಿ ಪವರ್ ಏರಿಸುವುದು) ಮಾಡಿಸದವರು ದುಡ್ಡು ಉಳಿಸಿ.

ದಾರಿಯಲ್ಲಿ ಎಂಜಿನ್ ಲೈಟ್ ಮಿನುಗಿದರೆ ಪೆಡಲ್ ಬಿಟ್ಟು ಗಾಡಿ ನಿಲ್ಲಿಸಿ. ಮನೆ ತಲುಪಲೇಬೇಕಾದರೆ ಆ ಸಿಲಿಂಡರಿನ ಇಂಜೆಕ್ಟರ್ ಕಪ್ಲರ್ ಬಿಚ್ಚಿ ನಿಧಾನವಾಗಿ ಬನ್ನಿ. ಉರಿಯದ ಪೆಟ್ರೋಲ್ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಇಳಿದು ಅದು ಕೆಟ್ಟರೆ, ಆ ಒಂದು ಬಿಲ್ಲಿನಲ್ಲಿ ಈ ಕೆಲಸವನ್ನು ಎಷ್ಟೋ ಸಲ ಮಾಡಿಸಬಹುದು.