ಹೂರಣ ತುಂಬಿದ ಪೋರ್ಕ್ ಟೆಂಡರ್‌ಲಾಯಿನ್: ಒಣಗದಂತೆ ಬೇಯಿಸುವುದು ಹೇಗೆ?

ಹಂದಿಮಾಂಸ ಎಂದರೆ ಬರೀ ಕೊಬ್ಬು ಎಂದುಕೊಂಡವರು ಒಮ್ಮೆ ಟೆಂಡರ್‌ಲಾಯಿನ್ ನೋಡಬೇಕು. ಇದರಲ್ಲಿ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಬೆನ್ನೆಲುಬಿನ ಒಳಬದಿಗೆ ಅಂಟಿಕೊಂಡಿರುವ ಉದ್ದನೆಯ ಸ್ನಾಯು ಇದು. ಕಾಲು, ಭುಜದ ಸ್ನಾಯುಗಳ ಹಾಗೆ ಇದು ದಿನವಿಡೀ ದುಡಿಯುವುದಿಲ್ಲ. ದುಡಿಯದ ಸ್ನಾಯು ಮೆತ್ತಗಿರುತ್ತದೆ. ಹಾಗಾಗಿ ಗಂಟೆಗಟ್ಟಲೆ ಬೇಯಿಸುವ ಕೆಲಸವಿಲ್ಲ, ಎರಡು ಗಂಟೆಯೊಳಗೆ ರಾತ್ರಿಯೂಟ ಸಿದ್ಧವಾಗುತ್ತದೆ. ಆದರೆ ಕೊಬ್ಬಿಲ್ಲ ಅಂದ ಮೇಲೆ ಹತ್ತು ನಿಮಿಷ ಜಾಸ್ತಿ ಬೆಂದರೂ ಸಾಕು, ನಾರುನಾರಾಗಿ ಒಣಗಿಬಿಡುತ್ತದೆ. ಮುಂದೆ ಹೇಳುವ ಕೆಲಸಗಳಲ್ಲಿ ಮುಕ್ಕಾಲು ಪಾಲು ಆ ಒಣಗುವುದನ್ನು ತಡೆಯುವುದಕ್ಕೇ.

ಮೊದಲು ಸರಿಯಾದ ತುಂಡು ಕೊಳ್ಳಿ. ಟೆಂಡರ್‌ಲಾಯಿನ್ ಮತ್ತು ಲಾಯಿನ್ ಒಂದೇ ಅಲ್ಲ. ಲಾಯಿನ್ ಅಗಲವಾಗಿರುತ್ತದೆ, ಮೇಲೆ ಕೊಬ್ಬಿನ ಪದರ ಇರುತ್ತದೆ, ಬೇಯಲು ಹೆಚ್ಚು ಹೊತ್ತು ಬೇಕು. ಟೆಂಡರ್‌ಲಾಯಿನ್ ನೀಳವಾಗಿ, ಒಂದು ತುದಿ ದಪ್ಪ, ಇನ್ನೊಂದು ತುದಿ ಬಾಲದ ಹಾಗೆ ಸಣ್ಣ. ಸಾಮಾನ್ಯವಾಗಿ ಒಂದರ ತೂಕ 500 ಗ್ರಾಂ ಆಸುಪಾಸು. ಮೂರು ಜನಕ್ಕೆ ಸಾಕು.

ಮಾಂಸವನ್ನು ತೊಳೆಯಬೇಡಿ. ತೊಳೆದರೆ ಸೂಕ್ಷ್ಮಾಣುಗಳು ಹೋಗುವುದಿಲ್ಲ, ನೀರಿನ ಜೊತೆ ಸಿಂಕಿನ ಸುತ್ತ ಸಿಡಿಯುತ್ತವೆ ಅಷ್ಟೇ. ಟಿಶ್ಯೂ ಕಾಗದದಿಂದ ಒತ್ತಿ ಒರೆಸಿ.

ಪೊರೆ ತೆಗೆದು, ಪುಸ್ತಕದಂತೆ ಬಿಡಿಸಿ

ದಪ್ಪ ತುದಿಯ ಕಡೆ ಬೆಳ್ಳಗೆ ಹೊಳೆಯುವ ಒಂದು ಪೊರೆ ಕಾಣುತ್ತದೆ. ಇದು ಕೊಬ್ಬಲ್ಲ, ಎಷ್ಟು ಬೇಯಿಸಿದರೂ ಕರಗುವುದಿಲ್ಲ. ಬಿಸಿ ತಾಗಿದಾಗ ಕುಗ್ಗಿ ಮಾಂಸವನ್ನೆಲ್ಲ ಬಿಲ್ಲಿನ ಹಾಗೆ ಬಗ್ಗಿಸುತ್ತದೆ, ತಿನ್ನುವಾಗ ಹಲ್ಲಿಗೆ ರಬ್ಬರಿನಂತೆ ಸಿಗುತ್ತದೆ. ಚೂಪಾದ ಸಣ್ಣ ಚಾಕುವಿನ ತುದಿಯನ್ನು ಪೊರೆಯ ಕೆಳಗೆ ತೂರಿಸಿ. ಪೊರೆಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು, ಚಾಕುವಿನ ಅಲಗನ್ನು ತುಸು ಮೇಲ್ಮುಖವಾಗಿಸಿ ಜಾರಿಸಿ. ಹಾಗೆ ಮಾಡಿದರೆ ಪೊರೆಯ ಜೊತೆ ಮಾಂಸ ಕಿತ್ತು ಬರುವುದಿಲ್ಲ.

ಈಗ ಕತ್ತರಿಸುವುದು. ಮಾಂಸವನ್ನು ಉದ್ದಕ್ಕೆ ಮಲಗಿಸಿ ನಡುವೆ ಒಂದು ಸೀಳು ಹಾಕಿ, ಕೆಳಗೆ ಒಂದು ಸೆಂಟಿಮೀಟರ್ ಉಳಿಯುವಾಗ ನಿಲ್ಲಿಸಿ. ಪುಸ್ತಕ ತೆರೆದಂತೆ ಬಿಡಿಸಿ. ಎರಡೂ ಬದಿಯ ದಪ್ಪ ಭಾಗಗಳಿಗೆ ಮತ್ತೊಂದೊಂದು ಸೀಳು ಕೊಟ್ಟರೆ ಇನ್ನೂ ಅಗಲವಾಗುತ್ತದೆ. ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಲಟ್ಟಣಿಗೆಯಿಂದ ನಡುವಿನಿಂದ ಅಂಚಿನ ಕಡೆಗೆ ತಟ್ಟುತ್ತಾ ಹೋಗಿ. ಸಿಟ್ಟು ತೀರಿಸಿಕೊಳ್ಳುವ ಹೊಡೆತ ಬೇಡ. ಎಲ್ಲ ಕಡೆ ಒಂದು ಸೆಂಟಿಮೀಟರಿಗಿಂತ ತುಸು ತೆಳ್ಳಗೆ, ಒಂದೇ ಸಮನಾಗಿದ್ದರೆ ಸಾಕು. ಎಲ್ಲಾದರೂ ತೂತು ಬಿದ್ದರೆ ಗಾಬರಿ ಬೇಡ, ಅಂಚಿನ ಒಂದು ಚೂರು ಕತ್ತರಿಸಿ ತೇಪೆ ಹಾಕಿ. ಸುರುಳಿ ಸುತ್ತಿದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ಇದಕ್ಕೆ ಒಂದು ಟೀ ಚಮಚ ಪುಡಿ ಉಪ್ಪು, ಅರ್ಧ ಚಮಚ ಕಾಳುಮೆಣಸಿನ ಪುಡಿ ಎರಡೂ ಬದಿಗೆ ಸವರಿ ಫ್ರಿಜ್‌ನಲ್ಲಿ ಮುಕ್ಕಾಲು ಗಂಟೆ ಇಡಿ. ಉಪ್ಪು ಮೊದಲು ಮಾಂಸದ ನೀರನ್ನು ಹೊರಗೆಳೆಯುತ್ತದೆ. ಆಮೇಲೆ ಆ ಉಪ್ಪುನೀರು ಮತ್ತೆ ಒಳಗೆ ಸೇರಿಕೊಳ್ಳುತ್ತದೆ. ಉಪ್ಪು ಹಿಡಿದ ಮಾಂಸ ಬೇಯುವಾಗ ತನ್ನ ರಸವನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಸಮಯ ಇಲ್ಲ ಎಂದು ಬೇರೆ ಯಾವ ಹಂತ ಬಿಟ್ಟರೂ ಬಿಡಿ, ಇದೊಂದನ್ನು ಬಿಡಬೇಡಿ.

ಹೂರಣ ಒಣಗಿರಲಿ, ಕಡಿಮೆಯಿರಲಿ

ಮಾಂಸ ಉಪ್ಪಿನಲ್ಲಿ ಕೂತಿರುವಾಗ ಹೂರಣ ಮಾಡಿಕೊಳ್ಳಿ. ನನಗೆ ಇಷ್ಟವಾದದ್ದು ಅಣಬೆ ಮತ್ತು ಪಾಲಕ್. 200 ಗ್ರಾಂ ಅಣಬೆ, ಒಂದು ಸಣ್ಣ ಈರುಳ್ಳಿ, ಮೂರು ಎಸಳು ಬೆಳ್ಳುಳ್ಳಿ, 100 ಗ್ರಾಂ ಪಾಲಕ್, ಎರಡು ದೊಡ್ಡ ಚಮಚ ಬ್ರೆಡ್ ಪುಡಿ, 40 ಗ್ರಾಂ ತುರಿದ ಚೀಸ್.

ಅಣಬೆಯಲ್ಲಿ ಸುಮಾರು ಶೇ 90ರಷ್ಟು ನೀರೇ. ಅದನ್ನು ಹಾಗೇ ಒಳಗೆ ತುಂಬಿದರೆ ಆ ನೀರೆಲ್ಲ ಓವನ್ನಿನಲ್ಲಿ ಹೊರಬಂದು ಸುರುಳಿ ಒಳಗಿನಿಂದ ಒದ್ದೆಯಾಗುತ್ತದೆ, ಕತ್ತರಿಸುವಾಗ ಹೂರಣ ಜಾರಿ ಬೀಳುತ್ತದೆ. ಸಣ್ಣಗೆ ಹೆಚ್ಚಿದ ಅಣಬೆಯನ್ನು ಬೆಣ್ಣೆಯಲ್ಲಿ ದೊಡ್ಡ ಉರಿಯಲ್ಲಿ ಹುರಿಯಿರಿ. ಮೊದಲು ಅದು ನೀರು ಬಿಡುತ್ತದೆ. ಆ ನೀರು ಪೂರ್ತಿ ಇಂಗಿ, ಬಾಣಲೆಯಲ್ಲಿ ಚರಚರ ಸದ್ದು ಮತ್ತೆ ಶುರುವಾಗಬೇಕು. ಆಗ ಈರುಳ್ಳಿ, ಬೆಳ್ಳುಳ್ಳಿ ಹಾಕಿ ಬಾಡಿಸಿ. ಪಾಲಕ್ಕನ್ನು ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ ತೆಗೆದು, ತಣ್ಣಗಾದ ಮೇಲೆ ಮುಷ್ಟಿಯಲ್ಲಿ ಹಿಂಡಿ. ಇನ್ನು ಬರಲ್ಲ ಅನ್ನಿಸಿದ ಮೇಲೂ ಒಂದು ಸಲ ಹಿಂಡಿ. ಹೆಚ್ಚಿ ಸೇರಿಸಿ. ಬ್ರೆಡ್ ಪುಡಿ ಉಳಿದ ತೇವವನ್ನು ಹೀರುತ್ತದೆ, ಚೀಸ್ ಎಲ್ಲವನ್ನೂ ಅಂಟಿಸುತ್ತದೆ. ಉಪ್ಪು ನೋಡಿಕೊಂಡು ಹಾಕಿ, ಚೀಸ್‌ನಲ್ಲಿ ಮೊದಲೇ ಇರುತ್ತದಲ್ವಾ. ಸಿಹಿ ಒಗ್ಗುವವರು ಅಣಬೆ ಬದಲು ಸೇಬು ಮತ್ತು ಅಕ್ರೋಟ್ ಹಾಕಬಹುದು, ಹಂದಿಮಾಂಸಕ್ಕೆ ಸೇಬು ಹಳೆಯ ಜೋಡಿ. ಅದನ್ನೂ ಬೆಣ್ಣೆಯಲ್ಲಿ ಬಾಡಿಸಿಯೇ ಬಳಸಿ.

ಹೂರಣದ ಬಿಸಿ ಇಳಿದ ಮೇಲೆ ಮಾಂಸದ ಮೇಲೆ ತೆಳ್ಳಗೆ ಹರಡಿ. ಸುತ್ತಲೂ ಎರಡು ಸೆಂಟಿಮೀಟರ್ ಅಂಚು ಖಾಲಿ ಬಿಡಿ. ನಾನು ಮೊದಲ ಸಲ ಮಾಡಿದಾಗ ಹೂರಣ ಉಳಿಯಿತಲ್ಲ ಎಂಬ ಜಿಪುಣತನಕ್ಕೆ ಅಷ್ಟನ್ನೂ ತುರುಕಿದ್ದೆ. ಓವನ್ನಿನಲ್ಲಿ ಮಾಂಸ ಕುಗ್ಗಿತು, ಹೊಲಿಗೆ ಬಿಟ್ಟಿತು, ಚೀಸ್ ಎಲ್ಲ ತಟ್ಟೆಯಲ್ಲಿ ಕರಕಲಾಯಿತು. ಹೂರಣ ಮಿಕ್ಕರೆ ಟೋಸ್ಟ್ ಮೇಲೆ ಹಾಕಿಕೊಂಡು ತಿನ್ನಿ.

ಉದ್ದನೆಯ ಬದಿಯಿಂದ ಚಾಪೆಯಂತೆ ಬಿಗಿಯಾಗಿ ಸುತ್ತಿ. ತೆಳ್ಳನೆಯ ಬಾಲದ ತುದಿಯನ್ನು ಒಳಗೆ ಮಡಚಿ, ಇಲ್ಲದಿದ್ದರೆ ಅದು ಮೊದಲೇ ಬೆಂದು ಒಣಗುತ್ತದೆ. ಅಂಚು ಕೆಳಗೆ ಬರುವಂತೆ ಇಟ್ಟು, ಮೂರು ಮೂರು ಸೆಂಟಿಮೀಟರಿಗೆ ಒಂದರಂತೆ ಹತ್ತಿ ದಾರ ಕಟ್ಟಿ. ಮೊದಲು ನಡುವಿಗೆ, ಆಮೇಲೆ ಎರಡು ತುದಿಗೆ, ಕೊನೆಗೆ ಉಳಿದ ಜಾಗಕ್ಕೆ. ನೈಲಾನ್ ದಾರ ಬೇಡವೇ ಬೇಡ, ಕರಗುತ್ತದೆ. ಟೂತ್‌ಪಿಕ್ ಚುಚ್ಚುವವರು ಎಷ್ಟು ಚುಚ್ಚಿದೆವೆಂದು ಎಣಿಸಿಟ್ಟುಕೊಳ್ಳಿ. ಬಡಿಸುವ ಮುಂಚೆ ಅಷ್ಟೂ ಹೊರಬರಬೇಕು.

ಇನ್ನೊಂದು ಮಾತು. ಬೆಳಿಗ್ಗೆಯೇ ತುಂಬಿ ಸುತ್ತಿ ಸಂಜೆಗೆ ಬೇಯಿಸುವ ಯೋಚನೆ ಬಿಡಿ. ಹಸಿ ಮಾಂಸದ ರಸ ಹೂರಣಕ್ಕೆ ಇಳಿದು ಅಲ್ಲಿ ಸೂಕ್ಷ್ಮಾಣುಗಳು ಬೆಳೆಯಲು ಜಾಗವಾಗುತ್ತದೆ. ಮಾಂಸ ಬೇರೆ, ಹೂರಣ ಬೇರೆ ಫ್ರಿಜ್‌ನಲ್ಲಿಟ್ಟು, ಒಲೆ ಹಚ್ಚುವ ಮುಂಚೆ ಸುತ್ತಿ.

ಬೇಯಿಸುವುದು

ಓವನ್ನನ್ನು 200 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾಗಲು ಬಿಡಿ. ಓವನ್ನಿಗೆ ಇಡಬಹುದಾದ ದಪ್ಪ ತಳದ ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ, ಸುರುಳಿಯ ಅಂಚು ಕೆಳಗಿರುವಂತೆ ಇಡಿ. ಬದಿಗೆ ಒಂದೂವರೆ ಎರಡು ನಿಮಿಷದಂತೆ ಸುತ್ತಲೂ ಕೆಂಪಗೆ ಮಾಡಿ. ಹೀಗೆ ಹುರಿದರೆ ರಸ ಒಳಗೇ ಬಂದಿಯಾಗುತ್ತದೆ ಎಂದು ಬಹಳ ಜನ ಹೇಳುತ್ತಾರೆ. 19ನೇ ಶತಮಾನದಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಯುಸ್ಟಸ್ ಫಾನ್ ಲೀಬಿಗ್ ಹರಡಿದ ಮಾತು ಅದು, ನಿಜವಲ್ಲ. ಹುರಿದ ಮಾಂಸವೂ ರಸ ಬಿಡುತ್ತದೆ. ಹುರಿಯುವುದು ಬಣ್ಣಕ್ಕೆ, ಪರಿಮಳಕ್ಕೆ. ಅದಕ್ಕೆ ಮೇಲ್ಮೈ ಒಣಗಿರಬೇಕು, ಆದ್ದರಿಂದ ಬಾಣಲೆಗೆ ಹಾಕುವ ಮುಂಚೆ ಮತ್ತೊಮ್ಮೆ ಒರೆಸಿ.

ಬಾಣಲೆ ಸಮೇತ ಓವನ್ನಿಗೆ ಇಟ್ಟರೆ 20ರಿಂದ 25 ನಿಮಿಷ ಬೇಕಾಗುತ್ತದೆ. ಆದರೆ ಗಡಿಯಾರ ನಂಬಬೇಡಿ, ಥರ್ಮಾಮೀಟರ್ ನಂಬಿ. 15ನೇ ನಿಮಿಷದಿಂದಲೇ ಚುಚ್ಚಿ ನೋಡುತ್ತಿರಿ. ಹಂದಿಮಾಂಸವನ್ನು ಬೂದು ಬಣ್ಣ ಬರುವವರೆಗೂ ಬೇಯಿಸುವ ಅಭ್ಯಾಸ ಬಂದಿದ್ದು ಅದರಲ್ಲಿ ಇರಬಹುದಾದ ಹುಳುಗಳ ಭಯದಿಂದ. ಅಮೆರಿಕದ ಕೃಷಿ ಇಲಾಖೆ 2011ರಲ್ಲಿ ಇಡೀ ತುಂಡಿನ ಹಂದಿಮಾಂಸಕ್ಕೆ ಹೇಳುತ್ತಿದ್ದ 71 ಡಿಗ್ರಿಯನ್ನು 63ಕ್ಕೆ ಇಳಿಸಿತು, ಜೊತೆಗೆ ಮೂರು ನಿಮಿಷ ವಿಶ್ರಾಂತಿ. ಆ ಹದದಲ್ಲಿ ಒಳಗೆ ನಸುಗೆಂಪು ಇರುತ್ತದೆ, ಅದು ತಪ್ಪಲ್ಲ.

ಆದರೆ ಆ 63 ನಮ್ಮ ಸುರುಳಿಗೆ ಅನ್ವಯಿಸುವುದಿಲ್ಲ. ಸೂಕ್ಷ್ಮಾಣುಗಳು ಸಾಮಾನ್ಯವಾಗಿ ಇರುವುದು ಮಾಂಸದ ಮೇಲ್ಮೈಯಲ್ಲಿ. ಇಡೀ ತುಂಡಾದರೆ ಮೇಲ್ಮೈಗೆ ಚೆನ್ನಾಗಿ ಬಿಸಿ ತಾಗುತ್ತದೆ. ನಾವು ಸೀಳಿ, ತಟ್ಟಿ, ಸುತ್ತಿದಾಗ ಆ ಮೇಲ್ಮೈಯೇ ನಟ್ಟನಡುವೆ ಹೋಗಿ ಕೂತಿದೆ. ಅದಕ್ಕೇ ಹೂರಣದ ಮಧ್ಯಭಾಗ 74 ಡಿಗ್ರಿ ಮುಟ್ಟಬೇಕು. ಥರ್ಮಾಮೀಟರಿನ ತುದಿ ಸುರುಳಿಯ ನಡುವಿನಲ್ಲಿರಲಿ. 71 ಅಥವಾ 72 ತೋರಿಸಿದಾಗ ಹೊರತೆಗೆದು ಫಾಯಿಲ್ ಸಡಿಲವಾಗಿ ಮುಚ್ಚಿ. ಹೊರಗಿನ ಬಿಸಿ ಒಳಗೆ ಸಾಗಿ ಇನ್ನೆರಡು ಮೂರು ಡಿಗ್ರಿ ಏರುತ್ತದೆ. ಮತ್ತೆ ಚುಚ್ಚಿ ನೋಡಿ, 74 ಆಗದಿದ್ದರೆ ಮೂರು ನಿಮಿಷ ಓವನ್ನಿಗೆ ವಾಪಸ್. ಇಷ್ಟು ಬಿಸಿಯಲ್ಲೂ ಮಾಂಸ ಒಣಗದೆ ಉಳಿಯುವುದು ಉಪ್ಪಿನಿಂದ, ಮತ್ತು ಹೂರಣ ತೆಳ್ಳಗಿದ್ದು ನಡುವಿಗೆ ಬಿಸಿ ಬೇಗ ಮುಟ್ಟುವುದರಿಂದ.

ಓವನ್ ಇಲ್ಲವೇ? ಹುರಿದ ಸುರುಳಿಯ ಸುತ್ತ ಅರ್ಧ ಕಪ್ ನೀರು ಅಥವಾ ಸ್ಟಾಕ್ (ಮೂಳೆ ಇಲ್ಲವೇ ತರಕಾರಿ ಕುದಿಸಿ ಸೋಸಿದ ನೀರು) ಸುರಿದು, ಮುಚ್ಚಳ ಹಾಕಿ, ಸಣ್ಣ ಉರಿಯಲ್ಲಿ ಆಗಾಗ ತಿರುಗಿಸುತ್ತಾ ಬೇಯಿಸಿ. ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಹೊರಪದರ ಗರಿಯಾಗಿರುವುದಿಲ್ಲ, ರುಚಿಗೆ ಮೋಸವಿಲ್ಲ.

ಸುರುಳಿಯನ್ನು ಹಲಗೆಗೆ ತೆಗೆದು ಹತ್ತು ನಿಮಿಷ ಸುಮ್ನೆ ಬಿಡಿ. ಆಗಲೇ ಕತ್ತರಿಸಿದರೆ ರಸವೆಲ್ಲ ಹಲಗೆಯ ಪಾಲು. ಅಷ್ಟರಲ್ಲಿ ಅದೇ ಬಾಣಲೆಯಲ್ಲಿ ಸಾಸ್ ಮಾಡಬಹುದು. ಹಿಡಿ ನೆನಪಿರಲಿ, ಅದೂ ಓವನ್ನಿನಲ್ಲಿದ್ದು ಬಂದದ್ದು. ಅದನ್ನು ಮರೆತು ಬರಿಗೈಯಲ್ಲಿ ಹಿಡಿದ ನನ್ನ ಅಂಗೈ ಒಂದು ವಾರ ಪಾಠ ಹೇಳಿತ್ತು. ಈಗ ಹೊರತೆಗೆದ ತಕ್ಷಣ ಹಿಡಿಗೆ ದಪ್ಪ ಬಟ್ಟೆ ಸುತ್ತುತ್ತೇನೆ. ಬಾಣಲೆಗೆ ಒಂದು ಕಪ್ ಸ್ಟಾಕ್ ಸುರಿದು ತಳಕ್ಕೆ ಅಂಟಿದ ಕಂದು ಚೂರುಗಳನ್ನು ಮರದ ಸಟ್ಟುಗದಿಂದ ಕೆರೆಯಿರಿ, ರುಚಿ ಇರುವುದೇ ಅಲ್ಲಿ. ಅರ್ಧಕ್ಕೆ ಇಂಗಿದ ಮೇಲೆ ಒಂದು ಚಮಚ ಸಾಸಿವೆ ಪೇಸ್ಟ್ ಹಾಕಿ, ಉರಿ ಆರಿಸಿ, ಒಂದು ತುಂಡು ತಣ್ಣನೆ ಬೆಣ್ಣೆ ಕರಗಿಸಿ. ಮಾಂಸ ಬಿಟ್ಟ ರಸವನ್ನೂ ಇದಕ್ಕೇ ಸುರಿಯಿರಿ.

ದಾರ ಬಿಚ್ಚಿ, ಚೂಪಾದ ಉದ್ದ ಚಾಕುವಿನಿಂದ ಎರಡು ಸೆಂಟಿಮೀಟರ್ ದಪ್ಪದ ಬಿಲ್ಲೆಗಳಾಗಿ ಕತ್ತರಿಸಿ. ತೆಳ್ಳಗೆ ಕತ್ತರಿಸಿದರೆ ಸುರುಳಿ ಬಿಚ್ಚಿಕೊಳ್ಳುತ್ತದೆ. ಹಿಸುಕಿದ ಆಲೂಗಡ್ಡೆಯ ಮೇಲಿಟ್ಟು ಸಾಸ್ ಹಾಕಿ. ಉಳಿದಿದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿದರೆ ಮೂರು ದಿನ ಇರುತ್ತದೆ. ಮತ್ತೆ ಬಿಸಿ ಮಾಡುವ ಗೋಜಿಗೆ ನಾನು ಹೋಗುವುದಿಲ್ಲ. ತಣ್ಣಗಿರುವಾಗ ಸುರುಳಿ ಗಟ್ಟಿಯಾಗಿ, ಬೇಕಾದಷ್ಟು ತೆಳ್ಳಗೆ ಕತ್ತರಿಸಲು ಬರುತ್ತದೆ. ಮರುದಿನ ಎರಡು ಬ್ರೆಡ್ಡಿನ ನಡುವೆ ಅದನ್ನೇ ಇಟ್ಟುಕೊಳ್ಳುತ್ತೇನೆ.