ಊರಿಂದ ಬಂದವರಿಗೆ ಮುಂಬೈ ತೋರಿಸುವುದು ಹೇಗೆ

ಊರಿಂದ ಯಾರಾದರೂ ಬಂದರೆ ಗೇಟ್‌ವೇ, ಚೌಪಾಟಿ, ಒಂದು ಮಾಲ್, ಯಾವುದೋ ನಟನ ಬಂಗಲೆ. ಅಷ್ಟೇ ಅಲ್ವಾ ನಾವು ತೋರಿಸೋದು? ಕುಮಟಾದಿಂದ ಬಂದ ಅಪ್ಪನಿಗೆ ಮೊದಲ ಸಲ ನಾನೂ ಅದನ್ನೇ ತೋರಿಸಿದ್ದೆ. ಎರಡನೇ ಸಲ ಬೇರೆ ದಾರಿ ಹಿಡಿದೆ. ಏಳು ದ್ವೀಪಗಳ ನಡುವಿನ ನೀರನ್ನು ತುಂಬಿಸುತ್ತಾ ಬೆಳೆದ ಊರು ಇದು. ಹಾಗಾಗಿ ಎಲ್ಲಿ ಹೋದರೂ 'ಇಲ್ಲಿ ಸಮುದ್ರ ಎಲ್ಲಿವರೆಗಿತ್ತು?' ಅಂತ ಕೇಳಿಕೊಳ್ಳಿ.

ಬೆಳಗ್ಗೆ 5ಕ್ಕೆಲ್ಲ ಕೊಲಾಬಾದ ಸಸೂನ್ ಡಾಕ್‌ನಲ್ಲಿರಿ. 1875ರ ಧಕ್ಕೆ. ಹತ್ತಿ ವ್ಯಾಪಾರಕ್ಕೆ ಕಟ್ಟಿದ್ದು, ಈಗ ಪೂರ್ತಿ ಮೀನಿನದು. ಹರಾಜು ಕೂಗುವ ಕೋಲಿ (ಮೀನುಗಾರ ಸಮುದಾಯ) ಹೆಂಗಸರನ್ನು ನೋಡಿ. ಇಲ್ಲಿನ ಹಳೇ ಮನೆತನದವರು ಅವರೇ, ಊರಿಗೆ ಹೆಸರು ಕೊಟ್ಟ ಮುಂಬಾದೇವಿ ಅವರ ದೇವತೆ. ಹಳೇ ಚಪ್ಪಲಿ ಹಾಕಿಕೊಳ್ಳಿ, ನೆಲವೆಲ್ಲ ಒದ್ದೆ. ಜೂನ್, ಜುಲೈನಲ್ಲಿ ಮೀನುಗಾರಿಕೆಗೆ ನಿಷೇಧ, ಆಗ ಬೇಡ.

ಅಲ್ಲಿಂದ ಓವಲ್ ಮೈದಾನ. ಇಲ್ಲಿ ಮಾತ್ರ ಅವಸರ ಮಾಡಬೇಡಿ. ನಡುವೆ ನಿಂತು ಪೂರ್ವಕ್ಕೆ ತಿರುಗಿದರೆ ಹೈಕೋರ್ಟ್, ರಾಜಾಬಾಯಿ ಗಡಿಯಾರ ಗೋಪುರ, ಎರಡೂ 1878ರಲ್ಲಿ ಮುಗಿದವು. ಪಶ್ಚಿಮಕ್ಕೆ ದುಂಡು ಮೂಲೆಯ, ಉದ್ದ ಬಾಲ್ಕನಿಯ 1930ರ ದಶಕದ ಫ್ಲ್ಯಾಟುಗಳು. ಗೋಪುರ ಎದ್ದಾಗ ಸಮುದ್ರ ಅದಕ್ಕೆ ಎಷ್ಟೋ ಹತ್ತಿರವಿತ್ತು. ಪಶ್ಚಿಮದ ಸಾಲು ನಿಂತಿರುವುದು ಆಮೇಲೆ ಬ್ಯಾಕ್‌ಬೇ ಎಂಬ ಕೊಲ್ಲಿಯನ್ನು ತುಂಬಿಸಿ ಪಡೆದ ನೆಲದ ಮೇಲೆ. ಗೋಪುರಕ್ಕೆ ದುಡ್ಡು ಕೊಟ್ಟವರು ಹತ್ತಿ ವ್ಯಾಪಾರಿ ಪ್ರೇಮ್‌ಚಂದ್ ರಾಯ್‌ಚಂದ್, ತಾಯಿಯ ಹೆಸರಲ್ಲಿ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಸಿಗದೇ ಹೋದಾಗ ಬೊಂಬಾಯಿಯ ಹತ್ತಿಗೆ ಚಿನ್ನದ ಬೆಲೆ ಬಂತು, ಯುದ್ಧ ನಿಂತ ವರ್ಷವೇ ಷೇರುಪೇಟೆ ಕುಸಿದು ಎಷ್ಟೋ ಮನೆ ಮುಳುಗಿತು. ಈ ಕಥೆಯನ್ನು ಅಲ್ಲೇ ಹುಲ್ಲಿನ ಮೇಲೆ ಕೂತು ಹೇಳಿ.

ಚರ್ಚ್‌ಗೇಟ್‌ನಲ್ಲಿ ಗೇಟು ಹುಡುಕಬೇಡಿ. ಕೋಟೆ ಗೋಡೆಯ ಜೊತೆ 1860ರ ದಶಕದಲ್ಲಿ ಅದೂ ಹೋಯಿತು, ಹೆಸರು ಉಳಿಯಿತು. ಬೋರಿ ಬಂದರ್, ಮಸ್ಜಿದ್ ಬಂದರ್, ಉಮರ್‌ಖಾಡಿ ಕೂಡ ಹಾಗೇ, ಬಂದರು ಮತ್ತು ಖಾರಿಯ (ಒಳನುಗ್ಗಿದ ಸಮುದ್ರದ ಕವಲು) ನೆನಪು. ಪಾಯಧುನಿ ಅಂದರೆ ಕಾಲು ತೊಳೆಯುವ ಜಾಗ.

ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ರೈಲು ನಿಲ್ದಾಣದ ಕಲ್ಲಿನ ಕೆತ್ತನೆ ನೋಡಿ, 11 ಗಂಟೆಯ ನಂತರ ಸ್ಲೋ ಲೋಕಲ್ ಹತ್ತಿ. ಫಾಸ್ಟ್ ಗಾಡಿ ಮಾಟುಂಗಾದಲ್ಲಿ ನಿಲ್ಲುವುದಿಲ್ಲ. ಭಾನುವಾರವಾದರೆ ಮೆಗಾ ಬ್ಲಾಕ್ (ಹಳಿ ದುರಸ್ತಿಗೆ ಗಾಡಿ ನಿಲ್ಲಿಸುವುದು) ಎಲ್ಲಿದೆ ಅಂತ ತಿಳಿದುಕೊಳ್ಳಿ. ಚಿಂಚ್‌ಪೋಕ್ಳಿ, ಕರಿ ರೋಡ್, ಪರೇಲ್: ಇವು ಗಿರಣಿಗಳ ಬೀದಿ. 1982ರ ಮುಷ್ಕರದ ನಂತರ ಒಂದೊಂದೇ ಮುಚ್ಚಿ ಟವರ್‌ಗಳು ಎದ್ದವು.

ಮಾಟುಂಗಾದಲ್ಲಿ ಊಟ. 1942ರಲ್ಲಿ ಎ. ರಾಮ ನಾಯಕರು ಶುರು ಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಸ್ಟೇಷನ್ ಪಕ್ಕದಲ್ಲೇ ಇದೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಹುಡುಗರೂ ಈ ಊರನ್ನು ಕಟ್ಟಿದವರೇ, ಇದನ್ನು ಮಕ್ಕಳಿಗೆ ಹೇಳಲೇಬೇಕು.

ಸಂಜೆ ಹಾಜಿ ಅಲಿ ದರ್ಗಾ ಎದುರಿನ ರಸ್ತೆ. 1784ರ ಹೊತ್ತಿಗೆ ಇಲ್ಲಿ ಹಾರ್ನ್‌ಬಿ ವೆಲ್ಲಾರ್ಡ್ ಎಂಬ ಒಡ್ಡು ಕಟ್ಟುವವರೆಗೂ ಭರತ (ಸಮುದ್ರದ ಉಬ್ಬರ) ಬಂದಾಗ ವರ್ಲಿ ಕಡೆಯಿಂದ ಉಪ್ಪುನೀರು ಒಳಗೆ ನುಗ್ಗುತ್ತಿತ್ತು. ಅಪ್ಪ ಗೋಡೆ ಮುಟ್ಟಿ, "ಓ, ನಮ್ಮ ಗಜನಿ ಕಟ್ಟೆ ಥರಾನೇ" ಅಂದರು. ಗಜನಿ ಅಂದರೆ ನಮ್ಮ ಕಡೆಯ ಉಪ್ಪುನೀರಿನ ಅಂಚಿನ ಗದ್ದೆ, ಕಟ್ಟೆ ಅದರ ಒಡ್ಡು. ಅಲ್ಲಿಯವರೆಗೆ ನಾನು ಹೇಳುತ್ತಿದ್ದೆ, ಆಮೇಲೆ ಅವರು ಹೇಳಿದರು, ಒಡ್ಡು ಒಡೆದರೆ ಗದ್ದೆಗೆ ಏನಾಗುತ್ತದೆ ಅಂತ. ಭರತದ ಹೊತ್ತು ಮೊದಲೇ ನೋಡಿಕೊಂಡು ಹೋಗಿ, ದರ್ಗಾಕ್ಕೆ ಹೋಗುವ ದಾರಿ ಆಗ ನೀರಿನಡಿ ಇರುತ್ತದೆ.