ನಾಲ್ಕು ಸೆಂಟಿಮೀಟರ್ ಹುಡುಗನೂ ಲಿಂಬೋದ ಕಾಡೂ

ವಿಡಿಯೊ ಗೇಮಿನ ದೃಶ್ಯವೊಂದನ್ನು ಪುಟ್ಟ ಪ್ಲಾಸ್ಟಿಕ್ ಗೊಂಬೆಗಳಾದ ಲೆಗೊ ಮಿನಿಫಿಗರ್‌ಗಳಿಂದ ಮರುಸೃಷ್ಟಿಸಿ ಫೋಟೊ ತೆಗೆಯಲು ಹೊರಟವರು ಸಾಮಾನ್ಯವಾಗಿ ಮೊದಲು ಹುಡುಕುವುದು ಆ ಪಾತ್ರದ ಉಡುಪು, ಕೂದಲು, ಆಯುಧಗಳಿಗೆ ಹೊಂದುವ ಬಿಡಿಭಾಗಗಳನ್ನು. ನಾನು ಆ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಆಟ ಆಡಿದವರು ಚಿತ್ರವನ್ನು ಕಂಡ ಕೂಡಲೇ ಗುರುತು ಹಿಡಿಯುವುದು ಕ್ಯಾಮೆರಾ ಎಲ್ಲಿ ನಿಂತಿದೆ, ಬೆಳಕು ಎಲ್ಲಿಂದ ಬಿದ್ದಿದೆ ಎಂಬ ಎರಡು ಸಂಗತಿಗಳಿಂದ. ಇವೆರಡು ಸರಿಯಿದ್ದರೆ ಅಂಗಿಯ ಬಣ್ಣ ಸ್ವಲ್ಪ ಬೇರೆಯಾದರೂ ಯಾರೂ ಕೇಳುವುದಿಲ್ಲ.

ಆದ್ದರಿಂದ ಮೊದಲು ಆಟವನ್ನು ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು, ಅದರ ಮೇಲೆ ಗೆರೆ ಎಳೆಯುತ್ತೇನೆ. ದಿಗಂತ ಚೌಕಟ್ಟಿನ ಯಾವ ಎತ್ತರದಲ್ಲಿದೆ, ಪಾತ್ರವು ಚೌಕಟ್ಟಿನ ಎಷ್ಟು ಭಾಗವನ್ನು ಆವರಿಸಿದೆ, ನೆರಳು ಯಾವ ಕಡೆಗೆ ಚಾಚಿದೆ ಎಂಬುದನ್ನು ಬರೆದಿಟ್ಟುಕೊಳ್ಳುತ್ತೇನೆ. 1978ರಲ್ಲಿ ಬಂದ ಮಿನಿಫಿಗರ್‌ನ ಎತ್ತರ ಸುಮಾರು 4 ಸೆಂ.ಮೀ.; ಅಂದರೆ 170 ಸೆಂ.ಮೀ. ಎತ್ತರದ ಮನುಷ್ಯನ 42ರಲ್ಲಿ ಒಂದು ಪಾಲು. ಆಟದ ಕ್ಯಾಮೆರಾ ನಾಯಕನ ಬೆನ್ನ ಹಿಂದೆ 3 ಮೀಟರ್ ದೂರದಲ್ಲಿದೆ ಎನಿಸಿದರೆ ಮೇಜಿನ ಮೇಲೆ ಲೆನ್ಸ್ ಗೊಂಬೆಯಿಂದ 7 ಸೆಂ.ಮೀ. ಹಿಂದಿರಬೇಕು, ನೆಲದಿಂದ ಅದರ ಎತ್ತರವೂ ಗೊಂಬೆಯ ಭುಜದಷ್ಟೇ ಇರಬೇಕು. ಕ್ಯಾಮೆರಾದ ದೇಹ ಅಷ್ಟು ಕೆಳಕ್ಕೆ ಇಳಿಯದ ಕಾರಣ ಸೆಟ್ಟನ್ನೇ ಮೇಜಿನ ಅಂಚಿಗೆ ತಂದು, ಅಂಚಿನ ಆಚೆ ಟ್ರೈಪಾಡನ್ನು ತಗ್ಗಿಸಿ ನಿಲ್ಲಿಸುತ್ತೇನೆ. ಮೊಬೈಲಿನಲ್ಲಿ ತೆಗೆಯುವವರು ಅದನ್ನು ತಲೆಕೆಳಗಾಗಿ ಹಿಡಿದರೆ ಲೆನ್ಸ್ ಮೇಜಿಗೆ ತಾಗುವಷ್ಟು ಕೆಳಗೆ ಬರುತ್ತದೆ. ಅದರ ಸೆನ್ಸರ್ ಚಿಕ್ಕದಾಗಿರುವುದರಿಂದ ಫೋಕಸಿನ ಆಳವೂ, ಅಂದರೆ ಹಿಂದೆ ಮುಂದೆ ಸ್ಪಷ್ಟವಾಗಿ ಕಾಣುವ ವ್ಯಾಪ್ತಿಯೂ, ಹೆಚ್ಚು ಸಿಗುತ್ತದೆ.

ಫೋಕಸಿನ ಆಳದ ಲೆಕ್ಕವನ್ನು ಆರಂಭದಲ್ಲೇ ಮಾಡಿಕೊಳ್ಳುವುದು ಒಳ್ಳೆಯದು. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಗೊಂಬೆ ಚೌಕಟ್ಟಿನ ಎತ್ತರದ ಮೂರನೇ ಒಂದು ಭಾಗದಷ್ಟು ಕಾಣುವಾಗ, ಎಫ್/8 ಅಪರ್ಚರ್‌ನಲ್ಲಿ (ಲೆನ್ಸಿನೊಳಗೆ ಬೆಳಕು ಬರುವ ರಂಧ್ರದ ಅಳತೆ) ಸ್ಪಷ್ಟವಾಗಿ ಮೂಡುವ ಆಳ ಸುಮಾರು ಒಂದೂವರೆ ಸೆಂಟಿಮೀಟರ್. ಗೊಂಬೆಯೇ ಚೌಕಟ್ಟನ್ನು ತುಂಬಿಕೊಂಡರೆ ಅದು 2 ಮಿ.ಮೀ.ಗೆ ಇಳಿಯುತ್ತದೆ, ಮುಖ ಸ್ಪಷ್ಟವಾದರೆ ಮುಂದೆ ಚಾಚಿದ ಕೈ ಮಸುಕಾಗುತ್ತದೆ. ಆಟದ ದೃಶ್ಯಗಳಲ್ಲಿ ಸಾಮಾನ್ಯವಾಗಿ ಹತ್ತಿರದ್ದೂ ದೂರದ್ದೂ ಸ್ಪಷ್ಟವಾಗಿಯೇ ಕಾಣುವುದರಿಂದ, ವಿಪರೀತ ಮಸುಕು ಬಂದ ಕ್ಷಣವೇ ಚಿತ್ರ ಆಟಿಕೆಯ ಚಿತ್ರವಾಗಿಬಿಡುತ್ತದೆ. ಅಂಥಲ್ಲಿ ಕ್ಯಾಮೆರಾ ಕದಲಿಸದೆ ಫೋಕಸನ್ನು ಮಾತ್ರ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿಸುತ್ತಾ ಹಲವು ಫೋಟೊ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಒಂದಾಗಿಸುತ್ತೇನೆ.

ನನಗೆ ಬಹಳ ತೃಪ್ತಿ ಕೊಟ್ಟ ಕೆಲಸವೆಂದರೆ ಲಿಂಬೋ ಆಟದ ಕಾಡು. ಡೆನ್ಮಾರ್ಕ್‌ನ ಪ್ಲೇಡೆಡ್ ಸಂಸ್ಥೆ 2010ರಲ್ಲಿ ಹೊರತಂದ ಈ ಆಟ ಪೂರ್ತಿ ಕಪ್ಪು-ಬಿಳುಪಿನದು. (ಲೆಗೊ ಕೂಡ ಅದೇ ದೇಶದ್ದು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.) ಕಪ್ಪು ಆಕೃತಿಯಾಗಿ ಮಾತ್ರ ಕಾಣುವ ಒಬ್ಬ ಪುಟ್ಟ ಹುಡುಗ, ಅವನ ಹೊಳೆಯುವ ಬಿಳಿ ಕಣ್ಣುಗಳು, ಹಿಂದೆ ಮಂಜಿನಲ್ಲಿ ಕರಗುವ ಮರಗಳು, ಬದಿಯಿಂದ ಚಾಚುವ ದೈತ್ಯ ಜೇಡದ ಕಾಲು. ಕ್ಯಾಮೆರಾ ಸದಾ ಪಕ್ಕದಿಂದ, ಸಾಕಷ್ಟು ದೂರದಿಂದ ನೋಡುತ್ತದೆ. ಇದಕ್ಕಾಗಿ 100 ಮಿ.ಮೀ. ಲೆನ್ಸ್ ಹಾಕಿ, ದೂರ ನಿಂತು, ಗೊಂಬೆಯನ್ನೂ ಜೇಡದ ಕಾಲನ್ನೂ ಒಂದೇ ಸಾಲಿನಲ್ಲಿ ಇಟ್ಟೆ.

ಕಾಡನ್ನು ಕಟ್ಟಿದ ರೀತಿ ನಮ್ಮ ತೊಗಲುಗೊಂಬೆಯಾಟದ ಪರದೆಯ ತತ್ವದ್ದೇ. ಅಲ್ಲಿ ಹಿಂದಿನಿಂದ ದೀಪವಿಟ್ಟ ಪರದೆಗೆ ಗೊಂಬೆಯನ್ನು ಒತ್ತಿ ಹಿಡಿದರೆ ಅಂಚು ಸ್ಪಷ್ಟವಾಗಿ ಕಾಣುತ್ತದೆ, ಪರದೆಯಿಂದ ದೂರ ಸರಿಸಿದಷ್ಟೂ ಮಸುಕಾಗುತ್ತದೆ. ಕಪ್ಪು ಚಾರ್ಟ್ ಪೇಪರಿನಲ್ಲಿ ಮರಗಳನ್ನು ಕತ್ತರಿಸಿ, ಒಂದರ ಹಿಂದೆ ಒಂದರಂತೆ ನಿಲ್ಲಿಸಿದ ಟ್ರೇಸಿಂಗ್ ಪೇಪರಿನ ಹಾಳೆಗಳ ನಡುವೆ ಅಂಟಿಸಿದೆ. ಮುಂದಿನ ಹಾಳೆಗೆ ತಾಗಿದ ಮರಗಳು ಗಾಢವಾಗಿ ಉಳಿದವು. ಹಿಂದಿನ ಹಾಳೆಗಳವು ಬೂದು ಬಣ್ಣಕ್ಕೆ ತಿರುಗಿ, ಕೊನೆಯವು ಕಾಣಿಸಿಯೂ ಕಾಣಿಸದಂತಾದವು. ಎಲ್ಲದರ ಹಿಂದೆ ಒಂದೇ ಒಂದು ಎಲ್‌ಇಡಿ ಟಾರ್ಚ್. ದೂರ ಇಮ್ಮಡಿಯಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುವುದರಿಂದ, ಟಾರ್ಚನ್ನು ಹಾಳೆಯ ಹತ್ತಿರಕ್ಕೆ ತಂದಷ್ಟೂ ನಡುವಿನ ಭಾಗ ಬೆಳಗಿ ಅಂಚುಗಳು ಕತ್ತಲಾಗುತ್ತವೆ. ಲಿಂಬೋದ ಚೌಕಟ್ಟಿನ ಅಂಚಿನ ಕತ್ತಲು ಹೀಗೆ ತಾನಾಗಿಯೇ ದೊರೆಯಿತು. ಲೆನ್ಸಿನ ಮುಂದೆಯೇ ನಾಲ್ಕಾರು ಒಣ ಹುಲ್ಲಿನ ಎಸಳುಗಳನ್ನು ಹಿಡಿದು ನಿಲ್ಲಿಸಿದ್ದರಿಂದ ಮುಂಭಾಗದ ಮಸುಕು ಕಪ್ಪು ರೂಪಗಳೂ ಬಂದವು.

ಮಂಜಿಗೆ ಅಗರಬತ್ತಿಯೇ ಸಾಕು, ಆದರೆ ಅದನ್ನು ಬಳಸುವ ಕ್ರಮವಿದೆ. ಹೊತ್ತಿಸಿದ ತಕ್ಷಣ ಹೊಗೆ ಎಳೆಎಳೆಯಾಗಿ ಏಳುತ್ತದೆ; 4 ಸೆಂ.ಮೀ. ಗೊಂಬೆಯ ಪಕ್ಕದಲ್ಲಿ ಆ ಎಳೆಗಳು ಹಗ್ಗದಷ್ಟು ದಪ್ಪ ಕಂಡು ಅಳತೆಯ ಗುಟ್ಟನ್ನು ಬಿಟ್ಟುಕೊಡುತ್ತವೆ. ಸೆಟ್ಟನ್ನು ಮೂರು ಕಡೆ ರಟ್ಟಿನಿಂದ ಮುಚ್ಚಿ, ಫ್ಯಾನ್ ನಿಲ್ಲಿಸಿ, ಹೊಗೆ ಒಳಗೆ ತುಂಬಿದ ಮೇಲೆ ಬತ್ತಿಯನ್ನು ಹೊರತೆಗೆದು, ಎಳೆಗಳು ಹರಡಿಕೊಳ್ಳುವವರೆಗೆ ಕಾದು, ಅರ್ಧ ಸೆಕೆಂಡಿನಷ್ಟು ನಿಧಾನದ ಶಟರ್‌ನಲ್ಲಿ ಕ್ಲಿಕ್ಕಿಸಿದರೆ ಹೊಗೆಯ ಚಲನೆ ಕಲೆತು ಮಂಜಿನ ಪದರವಾಗುತ್ತದೆ. ಹಿಂದಿನ ಬೆಳಕಿನಲ್ಲಿ ಮಾತ್ರ ಹೊಗೆ ಚೆನ್ನಾಗಿ ಹೊಳೆಯುತ್ತದೆ. ಸುತ್ತಲೂ ಕಾಗದವಿರುವುದರಿಂದ ಬತ್ತಿಯನ್ನು ಲೋಹದ ಸ್ಟ್ಯಾಂಡಿನಲ್ಲೇ ಇಡಬೇಕು, ಕೆಲಸ ಮುಗಿದೊಡನೆ ಕಿಟಕಿ ತೆರೆಯಬೇಕು.

ಕಣ್ಣುಗಳ ಕೆಲಸವೇ ಅತ್ಯಂತ ಸೂಕ್ಷ್ಮ. ಮುದ್ರಣವಿಲ್ಲದ ಕಪ್ಪು ತಲೆಯೊಂದಕ್ಕೆ ಹಲ್ಲುಕಡ್ಡಿಯ ತುದಿಯಿಂದ ಬಿಳಿ ಅಕ್ರಿಲಿಕ್ ಬಣ್ಣದ ಎರಡು ಚುಕ್ಕೆ ಇಟ್ಟೆ. ಬೇಡವಾದಾಗ ಅವನ್ನು ಉಗುರಿನಿಂದ ಕೆರೆದು ತೆಗೆಯಬಹುದು. ಹಿಂದಿನ ಬೆಳಕಿನಲ್ಲಿ ಆ ಚುಕ್ಕೆಗಳೂ ಕಪ್ಪಾಗಿಯೇ ಕಾಣುವುದರಿಂದ, ಕಪ್ಪು ಕಾಗದವನ್ನು ಪೆನ್ಸಿಲಿಗೆ ಸುತ್ತಿ ಮಾಡಿದ ಸಣ್ಣ ಕೊಳವೆಯ ಮೂಲಕ ಎರಡನೆಯ ಟಾರ್ಚಿನ ಬೆಳಕನ್ನು ಮುಖದ ಮೇಲಷ್ಟೇ ಬೀಳಿಸಿದೆ. ಕಪ್ಪು ಪ್ಲಾಸ್ಟಿಕ್ ಹೊಳಪು ಹೊಡೆಯದಂತೆ ಆ ಬೆಳಕು ಓರೆಯಾಗಿ ಬರಬೇಕು. ಕೋನವನ್ನು ಕೂದಲೆಳೆಯಷ್ಟು ಬದಲಿಸಿದರೂ ಕೆನ್ನೆಯ ಮೇಲೆ ಬಿಳಿ ಗೆರೆ ಮೂಡಿ ಆಕೃತಿ ಒಡೆಯುತ್ತದೆ. ಉಳಿದ ಹೊಳಪನ್ನು ಪೋಲರೈಸಿಂಗ್ ಫಿಲ್ಟರ್ ತಗ್ಗಿಸುತ್ತದೆ. ಮಕ್ಕಳ ಪಾತ್ರದ ಲೆಗೊ ಗೊಂಬೆಗಳಿಗೆ ಬರುವ ಗಿಡ್ಡ ಕಾಲುಗಳನ್ನು ಹಾಕಿದಾಗ ಹುಡುಗನ ಪ್ರಮಾಣ ಸರಿಹೋಯಿತು. ಆ ಕಾಲುಗಳು ಮಡಚುವುದಿಲ್ಲವಾದ್ದರಿಂದ ಓಡುವ ಭಂಗಿಯನ್ನು ಬಿಟ್ಟು, ಜೇಡವನ್ನು ಕಂಡು ಹುಡುಗ ಥಟ್ಟನೆ ನಿಂತ ಕ್ಷಣವನ್ನೇ ಆರಿಸಿಕೊಂಡೆ. ಗೊಂಬೆ ಮಾಡಲಾಗದ್ದನ್ನು ಅದರಿಂದ ಮಾಡಿಸಲು ಹೋಗುವುದಕ್ಕಿಂತ ಗೊಂಬೆಗೆ ಒಪ್ಪುವ ಕ್ಷಣವನ್ನು ಆಟದಲ್ಲಿ ಹುಡುಕುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ.

2005ರ ಶ್ಯಾಡೋ ಆಫ್ ದ ಕೊಲೊಸಸ್ ಆಟದ ದೃಶ್ಯಕ್ಕೆ ಇದಕ್ಕೆ ತದ್ವಿರುದ್ಧವಾದ ದಾರಿ ಬೇಕಾಯಿತು. ಅಲ್ಲಿರುವುದು ಬಯಲು, ಕಣ್ಣು ಕೋರೈಸುವ ಆಕಾಶ, 16 ಮಹಾಕಾಯಗಳು, ಅವುಗಳ ಬುಡದಲ್ಲಿ ಕತ್ತಿ ಹಿಡಿದ ಒಬ್ಬನೇ ಯುವಕ. ಮಹಾಕಾಯವನ್ನು ತೊಗಟೆ, ಕಲ್ಲು ಮತ್ತು ಮಳೆಗಾಲದಲ್ಲಿ ಕಾಂಪೌಂಡ್ ಗೋಡೆಯ ಮೇಲೆ ಬೆಳೆಯುವ ಹಾವಸೆಯಿಂದ ಕಟ್ಟಿದೆ, ಏಕೆಂದರೆ ಗೊಂಬೆಯ ಅಳತೆಗೆ ಹಾವಸೆಯ ಕೆಲವೇ ಮಿಲಿಮೀಟರ್ ಎಸಳುಗಳು ಮೊಣಕಾಲೆತ್ತರದ ಹುಲ್ಲಾಗುತ್ತವೆ. ಗೊಂಬೆಯ ಕತ್ತಿಗೆ ಚಾಕೊಲೇಟಿನ ಬೆಳ್ಳಿ ಹಾಳೆಯ ಚೂರೊಂದನ್ನು ಸುತ್ತಿ, ಬೆಳಗಿನ ಬಿಸಿಲು ಅದರಿಂದ ನೇರ ಲೆನ್ಸಿಗೆ ಪ್ರತಿಫಲಿಸುವಂತೆ ತಿರುಗಿಸಿದೆ. ಆಟದಲ್ಲಿ ದಾರಿ ತೋರಿಸುವುದು ಆ ಕತ್ತಿಯ ಬೆಳಕೇ ಆಗಿರುವುದರಿಂದ, ಚಿತ್ರದಲ್ಲಿ ಅದು ನಿಜವಾದ ಬಿಸಿಲೇ ಆಗಿರಬೇಕೆಂಬ ಹಟ ನನಗಿತ್ತು.

ಕಂಪ್ಯೂಟರಿನಲ್ಲಿ ಮಾಡುವ ಕೆಲಸ ಕಡಿಮೆ. ಲಿಂಬೋಗೆ ಬಣ್ಣ ತೆಗೆದು ಹಳೆಯ ಫಿಲ್ಮಿನಂತೆ ಕಾಳುಕಾಳಾಗಿಸುತ್ತೇನೆ. ಎರಡನೆಯದಕ್ಕೆ ಬಣ್ಣದ ಸಾಂದ್ರತೆ ಇಳಿಸಿ ಆಕಾಶವನ್ನು ಇನ್ನಷ್ಟು ಬೆಳ್ಳಗಾಗಿಸುತ್ತೇನೆ. ಧೂಳನ್ನು ಮಾತ್ರ ಫೋಟೊ ತೆಗೆಯುವ ಮುಂಚೆಯೇ ಬ್ಲೋವರ್ ಮತ್ತು ಮೆತ್ತನೆಯ ಜಲವರ್ಣದ ಕುಂಚದಿಂದ ತೆಗೆಯುವುದು ಲೇಸು, ಏಕೆಂದರೆ ಹತ್ತಿರದ ಚಿತ್ರದಲ್ಲಿ ಒಂದು ಕಣವೂ ಗೊಂಬೆಯ ಮುಂಗೈಯಷ್ಟು ದೊಡ್ಡದಾಗಿ ಕಾಣುತ್ತದೆ, ಮತ್ತು ಅಂಥ ಕಣಗಳನ್ನು ಪರದೆಯ ಮೇಲೆ ಒಂದೊಂದಾಗಿ ಅಳಿಸುವಷ್ಟರಲ್ಲಿ ಇನ್ನೊಂದು ದೃಶ್ಯವನ್ನೇ ಕಟ್ಟಬಹುದು.